ತಮ್ಮನ ಫೋನಿಗೆ ಮಾತ್ರ

ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಕೊಬ್ಬರಿ ವಾಸನೆ ಮೂಗಿಗೆ ಬಡಿಯಿತು. ತಾಜಾ ಕೊಬ್ಬರಿಯದಲ್ಲ, ಗೋಣಿಚೀಲದ ದೂಳು ಸೇರಿ ಮುಗ್ಗಿದ ಹಳೆಯ ಕೊಬ್ಬರಿಯದು. ವೈಫೈ ಡಬ್ಬಿಯ ಹೊಟ್ಟೆಯೊಳಗೂ ಈ ವಾಸನೆ ಹೊಕ್ಕಿದೆ ಅಂದರೆ ಅದು ಕೊಬ್ಬರಿ ಮಂಡಿಯ ಹಿಂದಿನ ಮನೆಯ ಸೂರಿನ ಕೆಳಗೆ ಎಷ್ಟು ವರ್ಷ ಕೂತಿತ್ತೋ... ಮೇಲುಗಡೆ ಮೂರು ಬೆರಳಿನ ವಿಭೂತಿಯ ಗುರುತು ಮಸುಕಾಗಿ ಇನ್ನೂ ಕಾಣುತ್ತಿತ್ತು. ಆಯುಧಪೂಜೆಯ ದಿನ ಗುಬ್ಬಿಯ ಸಾಹುಕಾರ್‍ರು ತಕ್ಕಡಿಗೂ ಗಲ್ಲಾಪೆಟ್ಟಿಗೆಗೂ ವಿಭೂತಿ ಹಚ್ಚಿ, ಏಣಿ ಹಾಕಿಸಿ ಇದಕ್ಕೂ ಹಚ್ಚಿಸುತ್ತಿದ್ದರು. ನಮ್ಮ ಕಸುಬಿನಲ್ಲಿ ಇದಕ್ಕೆ ಆಕ್ಸೆಸ್ ಪಾಯಿಂಟ್ ಅನ್ನುತ್ತೇವೆ. ಅವರ ಬಾಯಲ್ಲಿ ಅದು ಕೊನೆಯವರೆಗೂ ಡಬ್ಬಿಯೇ ಆಗಿತ್ತು.

ಬೆಳಿಗ್ಗೆ ಇದನ್ನು ಟವಲಿನಲ್ಲಿ ಸುತ್ತಿಕೊಂಡು ತುಮಕೂರಿನ ಮರಳೂರಿನಲ್ಲಿರುವ ನನ್ನ ಅಂಗಡಿಗೆ ತಂದವರು ಸಾಹುಕಾರ್‍ರ ತಮ್ಮ. ಗುಬ್ಬಿಯಿಂದ ಬಸ್ಸು ಹತ್ತಿ ಬಂದಿದ್ದರು. "ಲೈನಿನವನು ಬಂದು ಅದೇನೋ ಪಿನ್ನು ಚುಚ್ಚಿ ಹೋದ ಕಣಪ್ಪ. ಈಗ ಕಂಡೋರ್‍ಗೆಲ್ಲ ವೈಫೈ ಬರ್ತೈತೆ. ಅಣ್ಣ ಅವತ್ತು ನನಗೊಬ್ಬನಿಗೇ ಬರೋ ಹಂಗೆ ಮಾಡ್ಸಿದ್ನಲ್ಲ, ಹಂಗೇ ಮಾಡ್ಕೊಡು. ಡಾಕ್ಟರ್ ಹತ್ರ ತೋರಿಸ್ಕೊಂಡು ಬರ್ತೀನಿ" ಎಂದು ಹೇಳಿ ಹೋದರು.

ಅಣ್ಣ ಅವತ್ತು ಹಾಗೆ ಮಾಡಿಸಿರಲಿಲ್ಲ. ಮಾಡಲು ಹೊರಟಿದ್ದು ಸರಿಯಾಗಿ ಅದರ ತದ್ವಿರುದ್ಧ. ಈ ಸಂಗತಿ ಗೊತ್ತಿದ್ದವರು ಇಬ್ಬರೇ. ಅವರಲ್ಲಿ ಒಬ್ಬರು ಈಗಿಲ್ಲ. ಉಳಿದವನು ನಾನು, ಡಬ್ಬಿಯನ್ನು ಮೇಜಿನ ಮೇಲಿಟ್ಟುಕೊಂಡು, ಹೇಳಿಬಿಡಲೋ ಸುಮ್ಮನಿರಲೋ ತಿಳಿಯದೆ ಅಂಗಡಿಯೊಳಗೇ ಅತ್ತಿಂದಿತ್ತ ಓಡಾಡುತ್ತಿದ್ದೆ. ಪಕ್ಕದ ಟೈಲರ್ ಎರಡು ಸಲ ಇಣುಕಿ ನೋಡಿ ಹೋದ.

ನಾನು ಕುಣಿಗಲ್ ಕಡೆಯವನು. ಡಿಪ್ಲೊಮಾ ಮುಗಿಸಿ ಹಿರೇಹಳ್ಳಿಯ ಕಾರ್ಖಾನೆಯೊಂದಕ್ಕೆ ಸೇರಿದ್ದೆ. ಕೂತಲ್ಲೇ ಕೂರುವುದು ನನ್ನ ಜಾಯಮಾನಕ್ಕೆ ಒಗ್ಗಲಿಲ್ಲ. ಅದನ್ನು ಬಿಟ್ಟು ಬೈಕಿನ ಹಿಂದೆ ಏಣಿ ಕಟ್ಟಿಕೊಂಡು, ಕ್ಯಾಮೆರಾ, ವೈಫೈ ಹಾಕುವ ಕೆಲಸ ಹಿಡಿದೆ. ಗುಬ್ಬಿಯ ಕೊಬ್ಬರಿ ಮಂಡಿಯ ಸಾಹುಕಾರ್‍ರು ನನ್ನನ್ನು ನಂಬಿ ಕೆಲಸ ಕೊಟ್ಟ ಮೊದಲಿಗರಲ್ಲಿ ಒಬ್ಬರು. ನನ್ನ ಹೆಸರನ್ನು ಅವರು ಒಮ್ಮೆಯೂ ಕೇಳಲಿಲ್ಲ. "ಏನ್ಲಾ ಕುಣಿಗಲ್ಲು" ಎಂದೇ ಕರೆಯುತ್ತಿದ್ದರು.

ಚಡಪಡಿಕೆಯಲ್ಲಿ ಅವರು ನನಗೆ ಅಣ್ಣ. ಗಾದಿಯ ಮೇಲೆ ಕೂತಾಗಲೂ ಒಂದು ಕಾಲು ಕೆಳಗೆ ಚಪ್ಪಲಿಯೊಳಗೇ ಇರುತ್ತಿತ್ತು, ಆ ಕಾಲು ಸುಮ್ಮನಿರದೆ ಅಲ್ಲಾಡುತ್ತಲೇ ಇರುತ್ತಿತ್ತು. ಹಣೆ ತುಂಬ ವಿಭೂತಿ, ಕತ್ತಿನಲ್ಲಿ ಲಿಂಗದ ಕರಡಿಗೆ, ಕಿವಿಗೆ ಫೋನು. ಒಂದು ಮಾತು ಮುಗಿಯುವ ಮೊದಲೇ ಇನ್ನೊಂದು ಶುರು. ಅವರ ಎದುರು ನಿಂತು ಕೆಲಸ ಮಾಡುವುದೆಂದರೆ ಹಿಂದೆ ಯಾರೋ ಹಾರನ್ ಹೊಡೆಯುತ್ತಿರುವಾಗ ಗಾಡಿ ಓಡಿಸಿದ ಹಾಗೆ ಆಗುತ್ತಿತ್ತು.

ಅವರ ಮಂಡಿಯಲ್ಲಿ ಒಂದು ಕಟ್ಟುನಿಟ್ಟು ಇತ್ತು. ಬೆಳಗಿನ ಮೊದಲ ವ್ಯಾಪಾರ ಕುದುರಿ ಬೋಣಿ ಆಗುವ ತನಕ ಯಾರೂ 'ಇಲ್ಲ' ಅನ್ನಕೂಡದು, 'ಬೇಡ' ಅನ್ನಕೂಡದು. ಮೂಟೆ ಎಣಿಸುವಾಗ ಒಂದು ಎನ್ನದೆ 'ಲಾಭ' ಎನ್ನುವುದು ಎಲ್ಲ ಮಂಡಿಗಳಲ್ಲೂ ಇದ್ದದ್ದೇ. ಇವರದು ಅದಕ್ಕಿಂತ ಒಂದು ಕೈ ಹೆಚ್ಚು. ಹಮಾಲಿ ಬಂದನೇ ಎಂದರೆ, ಬರದಿದ್ದರೂ "ಬರ್ತಾವ್ನೆ" ಅನ್ನಬೇಕು. ಚೀಲ ಹೊಲಿಯುವ ದಾರ ಇದೆಯೇ ಎಂದರೆ, ಮುಗಿದುಹೋಗಿದ್ದರೂ "ತರಿಸಾಣ" ಅನ್ನಬೇಕು. ಇದು ಗೊತ್ತಿಲ್ಲದೆ ಒಂದು ಬೆಳಿಗ್ಗೆ ನಾನು ಕ್ಯಾಮೆರಾ ಬರುತ್ತಿಲ್ಲ ಎಂದುಬಿಟ್ಟಿದ್ದೆ. ಅವರು ನನ್ನನ್ನು ಬೀದಿಗೆ ಕಳಿಸಿ, ಬಲಗಾಲಿಟ್ಟು ಮತ್ತೆ ಒಳಗೆ ಬರುವಂತೆ ಮಾಡಿದ್ದರು.

ಡಬ್ಬಿ ಹಾಕಿದಾಗ ಅಣ್ಣತಮ್ಮ ಇನ್ನೂ ಕೂಡಿದ್ದರು. ಮುಂದೆ ಮಂಡಿ, ಮಧ್ಯೆ ಅಂಗಳ, ಹಿಂದೆ ಮನೆ. ಇಂಟರ್ನೆಟ್ಟಿನ ಲೈನು ಹಿಂದಿನ ಬೀದಿಯ ಕಂಬದಿಂದ ಬರುತ್ತಿದ್ದರಿಂದ ಡಬ್ಬಿಯನ್ನು ಹಿಂದಿನ ಮನೆಯ ಗೋಡೆಗೇ ಹೊಡೆದೆ. ಅಲ್ಲಿಂದ ಮುಂದೆ ವೈರಿಲ್ಲ. ತೂಕದ ಕಂಪ್ಯೂಟರು, ಕ್ಯಾಮೆರಾ, ಎಲ್ಲರ ಫೋನು, ಎಲ್ಲಕ್ಕೂ ಅಂಗಳ ದಾಟಿ ಗಾಳಿಯಲ್ಲೇ ಬರಬೇಕು. ಕ್ಯಾಮೆರಾ ನೋಡುವ ಆ್ಯಪನ್ನು ಇಬ್ಬರ ಫೋನಿಗೂ ನಾನೇ ಹಾಕಿಕೊಟ್ಟಿದ್ದೆ. ಇಬ್ಬರೂ ಭುಜಕ್ಕೆ ಭುಜ ತಾಗಿಸಿ ನಿಂತು, ತಮ್ಮ ತಮ್ಮ ಫೋನಿನಲ್ಲಿ ತಮ್ಮನ್ನೇ ನೋಡಿಕೊಂಡು ನಕ್ಕಿದ್ದರು.

ಆಮೇಲೆ ಪಾಲಾಯಿತು. ಯಾತಕ್ಕೆ ಆಯಿತು ಎಂದು ಕೇಳಿದರೆ ಊರಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಮುಂದಿನ ಮಂಡಿ ಅಣ್ಣನಿಗೆ ಬಂತು, ಹಿಂದಿನ ಮನೆ ತಮ್ಮನಿಗೆ ಹೋಯಿತು, ಅಂಗಳ ಇಬ್ಬರಿಗೂ ಉಳಿಯಿತು. ಮಾತು ನಿಂತಿತು. ಗೋಡೆಯ ಜೊತೆಗೆ ನನ್ನ ಡಬ್ಬಿಯೂ ತಮ್ಮನ ಪಾಲಿಗೆ ಸೇರಿಹೋಗಿತ್ತು. ಇಂಟರ್ನೆಟ್ ಅಣ್ಣನದು, ಕರೆಂಟು ತಮ್ಮನದು. ಕಿತ್ತುಕೊಡು ಎಂದು ಇವರು ಕೇಳಲಿಲ್ಲ, ತೆಗೆದುಕೊಂಡು ಹೋಗು ಎಂದು ಅವರು ಹೇಳಲಿಲ್ಲ. ಡಬ್ಬಿ ತನ್ನ ಪಾಡಿಗೆ ಎರಡೂ ಕಡೆ ದುಡಿಯುತ್ತಿತ್ತು.

ಹೀಗಿರುವಾಗ ತಮ್ಮನಿಗೆ ಎದೆಯ ಆಪರೇಷನ್ ಆಯಿತು. ಸಾಹುಕಾರ್‍ರು ಆಸ್ಪತ್ರೆಗೆ ಹೋಗಲಿಲ್ಲ. ತಮ್ಮ ಆಸ್ಪತ್ರೆಯಿಂದ ಬಂದ ಮೇಲೂ ಇವರು ಅಂಗಳ ದಾಟಲಿಲ್ಲ. ಆದರೆ ನನಗೊಂದು ಫೋನು ಬಂತು. "ಹಿಂದ್ಗಡೆ ಕ್ಯಾಮೆರಾ ವಸಿ ಎಡಕ್ಕೆ ತಿರುಗ್ಸಬೇಕಲ್ಲೋ. ಮೂಟೆ ಮೇಲೆ ಮಂಗ ಕೂರ್‍ತವೆ." ಬಂದು ತಿರುಗಿಸಿದೆ. ಸಾಲದು, ಇನ್ನೂ ಎಡಕ್ಕೆ ಅಂದರು. ಇನ್ನೂ, ಇನ್ನೂ... ಕೊನೆಗೆ ಪರದೆಯಲ್ಲಿ ಮೂಟೆಯ ಒಂದು ಮೂಲೆ ಮಾತ್ರ ಉಳಿಯಿತು. ಮಿಕ್ಕಿದ್ದೆಲ್ಲ ತಮ್ಮನ ಬಾಗಿಲು.

ಡಾಕ್ಟರು ಹೇಳಿದ್ದರಿಂದ ತಮ್ಮ ದಿನಾ ಬೆಳಿಗ್ಗೆ ಗೋಡೆ ಹಿಡಿದುಕೊಂಡು ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆಯುತ್ತಿದ್ದರು. ಆ ಹೊತ್ತಿಗೆ ಸಾಹುಕಾರ್‍ರ ಗಾದಿ ಪರದೆಯ ಹತ್ತಿರಕ್ಕೆ ಸರಿಯುತ್ತಿತ್ತು. ಆಗ ಮಾತ್ರ ಆ ಕಾಲು ಅಲ್ಲಾಡದೆ ನಿಲ್ಲುತ್ತಿತ್ತು. ತಮ್ಮ ಒಳಗೆ ಹೋಗಿ ಬಾಗಿಲು ಮುಚ್ಚಿದ ಮೇಲೆ, "ಮಂಗ ಬರ್ತವೆ, ನೋಡ್ತಿರಬೇಕು" ಎಂದು ಯಾರೂ ಕೇಳದಿದ್ದರೂ ಹೇಳುತ್ತಿದ್ದರು. ಇದನ್ನೆಲ್ಲ ನೋಡಿಯೂ ನೋಡದವನ ಹಾಗೆ ನಾನು ಸ್ಕ್ರೂ ತಿರುಗಿಸುತ್ತಿದ್ದೆ.

ನನ್ನ ಬಾಯಿಯೂ ಸುಮ್ಮನಿರುವಂಥದ್ದಲ್ಲ. ಒಂದು ದಿನ ಹೊರಡುವಾಗ, "ಈ ವೈಫೈಗೆ ಸೇರಿರೋ ಫೋನಿಂದ ಈ ಚಿತ್ರ ನೋಡ್ಬಹುದು ಸಾಹುಕಾರ್‍ರೇ, ಆ್ಯಪ್ ಒಂದಿದ್ರೆ ಸಾಕು" ಎಂದು ಜಂಭ ಕೊಚ್ಚಿಕೊಂಡೆ. ಅವರ ಮುಖ ಬಿಳಿಚಿಕೊಂಡಿತು. ಆ್ಯಪ್ ತಮ್ಮನ ಫೋನಿನಲ್ಲೂ ಇದೆ ಎನ್ನುವುದು ಅವರಿಗೆ ನೆನಪಾಗಿರಬೇಕು. ತಾನು ನೋಡುತ್ತಿರುವುದನ್ನು ತಮ್ಮ ನೋಡಿಬಿಟ್ಟರೆ?

ಮಾರನೆಯ ಬೆಳಿಗ್ಗೆ ಕುಣಿಗಲ್ಲಿನಲ್ಲಿ ಯಾರದೋ ಮನೆಯ ಏಣಿ ಮೇಲಿದ್ದೆ. ಸಾಹುಕಾರ್‍ರ ಫೋನು ಬಂತು. ಒಂದು ಫೋನಿಗೆ ಮಾತ್ರ ವೈಫೈ ಹೋಗದ ಹಾಗೆ ಮಾಡುವುದು ಹೇಗೆ ಎಂದರು. ಯಾರ ಫೋನು ಎಂದು ಕೇಳಿದೆ. "ಯಾರ್‍ದೋ ಒಂದು ಬುಡು. ನಾನೇ ಮಾಡ್ಕಂತೀನಿ, ದಾರಿ ಹೇಳು" ಎಂದರು. ಹೇಳಿದೆ. ಡಬ್ಬಿಯ ಸೆಟ್ಟಿಂಗ್ ಪುಟ ತೆರೆಯಿರಿ, ಪಟ್ಟಿಯಲ್ಲಿ ಆ ಫೋನಿನ ಹೆಸರು ಮುಟ್ಟಿ, ಎರಡು ಗುಂಡಿ ಬರುತ್ತವೆ. ಮೇಲೆ ಹಸಿರು, ಈ ಫೋನಿಗೆ ಮಾತ್ರ ಬಿಡು ಅಂತ. ಕೆಳಗೆ ಕೆಂಪು, ಈ ಫೋನಿಗೆ ಬಿಡಬೇಡ ಅಂತ. ಕೆಂಪು ಒತ್ತಿ. ಸರಿ ಎಂದು ಫೋನಿಟ್ಟರು. ನಾನು ಏಣಿ ಇಳಿಯುವಷ್ಟರಲ್ಲಿ ಮತ್ತೆ ಫೋನು ಬಂತು. ಎಲ್ಲ ಹೋಯ್ತು ಎಂದು ಕೂಗುತ್ತಿದ್ದರು.

ಬೈಕು ಓಡಿಸಿಕೊಂಡು ಗುಬ್ಬಿಗೆ ಹೋದೆ. ಮಂಡಿಯಲ್ಲಿ ತೂಕದ ಕಂಪ್ಯೂಟರು ನಿಂತಿತ್ತು. ಹಿಂದಿನ ಸಂಜೆಯೇ ಲೋಡಾದ ಲಾರಿ ಬಿಲ್ಲಿಗಾಗಿ ಕಾಯುತ್ತಿತ್ತು. ಸಾಹುಕಾರ್‍ರ ಸ್ವಂತ ಫೋನನ್ನೇ ಡಬ್ಬಿ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ, ಹಾಗಾಗಿ ಆ ಪುಟ ತೆರೆದು ತಪ್ಪು ತಿದ್ದುವುದಕ್ಕೂ ದಾರಿಯಿರಲಿಲ್ಲ. ನನ್ನ ಲ್ಯಾಪ್‌ಟಾಪಿಗೂ ಅದೇ ಗತಿ. ಲಾರಿಯ ಬಿಲ್ಲನ್ನು ನನ್ನ ಫೋನಿನ ಹಾಟ್‌ಸ್ಪಾಟಿನಲ್ಲಿ ತೆಗೆದುಕೊಟ್ಟೆ. ಆದರೆ ಸಾಹುಕಾರ್‍ರಿಗೆ ಲಾರಿಯ ಮೇಲೆ ಗಮನವೇ ಇರಲಿಲ್ಲ. ಕಪ್ಪಾಗಿದ್ದ ಪರದೆಯ ಮುಂದೆ ನಿಲ್ಲುತ್ತಿದ್ದರು, ಬಾಗಿಲಿಗೆ ಹೋಗುತ್ತಿದ್ದರು, ಮತ್ತೆ ಪರದೆಗೆ ಬರುತ್ತಿದ್ದರು.

"ಮೊದ್ಲು ಇದು ಬರೋ ಹಂಗೆ ಮಾಡ್ಲಾ. ಬೆಳಗಿಂದ ಬರೀ ಕತ್ತಲೆ."

"ಏನು ಕಾಣ್ಬೇಕು ಸಾಹುಕಾರ್‍ರೇ?"

"ಮಂಗ ಕಣ್ಲಾ! ಮಂಗ!"

ಯಾವ ಗುಂಡಿ ಒತ್ತಿದಿರಿ ಎಂದು ಕೇಳಿದೆ. ಪರದೆ ನೋಡುತ್ತಲೇ ಗೊಣಗಿದರು. "ಬೋಣಿ ಇನ್ನೂ ಆಗಬೇಕಿತ್ತು ಕಣೋ. ಬೆಳಗಾಗೆದ್ದು ಬೇಡ ಅನ್ನೋ ಗುಂಡಿ ಒತ್ತಾದಾ? ಕೈ ಹಿಂದೇಟು ಹಾಕ್ತು. ಹಸುರು ಒತ್ತಿದೆ. ಎರಡೂ ಒಂದೇ ಕೆಲಸ ಅಲ್ವೇನ್ಲಾ, ಬಣ್ಣ ತಾನೆ ಬೇರೆ?"

"ಯಾರ ಫೋನು?"

"ಅವನ್ದು."

ಆ ಮಂಡಿಯಲ್ಲಿ 'ಅವನು' ಎಂದರೆ ಒಬ್ಬರೇ. ನನಗೆ ನಗು ತಡೆಯಲಾಗಲಿಲ್ಲ. ಈಗ ಈ ಡಬ್ಬಿ ನಿಮ್ಮ ತಮ್ಮನವರೊಬ್ಬರನ್ನು ಬಿಟ್ಟು ಇಡೀ ಗುಬ್ಬಿಯನ್ನೇ ಹೊರಗಿಟ್ಟಿದೆ ಎಂದೆ. ಅವರು ನಗಲಿಲ್ಲ. ಬಿಡಿಸಲು ಇರುವುದು ಎರಡೇ ದಾರಿ ಎಂದು ವಿವರಿಸಿದೆ. ಒಂದು, ಏಣಿ ಹಾಕಿ ಡಬ್ಬಿಯ ಸಣ್ಣ ತೂತಿನೊಳಗೆ ಪಿನ್ನು ಚುಚ್ಚುವುದು. ಆಗ ಅದು ಎಲ್ಲವನ್ನೂ ಮರೆತು ಹೊಸದಾಗುತ್ತದೆ. ಆದರೆ ಏಣಿ ಹಾಕಬೇಕಾದದ್ದು ತಮ್ಮನ ಜಗಲಿಯ ಮೇಲೆ. ಇನ್ನೊಂದು, ಒಳಗೆ ಬಿಟ್ಟುಕೊಳ್ಳುವ ಆ ಒಂದೇ ಫೋನಿನಿಂದ ಪುಟ ತೆರೆದು ಹಸಿರನ್ನು ರದ್ದು ಮಾಡುವುದು. ಯಾವುದೇ ಆದರೂ ಆ ಕಡೆಗೆ ಹೋಗಲೇಬೇಕು. ಸಾಹುಕಾರ್‍ರು ಗಾದಿಯ ಸುತ್ತ ನಡೆದರು, ಟವಲು ಹೆಗಲಿಂದ ತೆಗೆದು ಮತ್ತೆ ಹೆಗಲಿಗೆ ಹಾಕಿಕೊಂಡರು. ಕೊನೆಗೆ ಗೋಡೆಯ ಕಡೆ ತಿರುಗಿ, "ಹೋಗು. ನೀನಾಗೇ ಬಂದೆ ಅನ್ನು" ಎಂದರು.

ತಮ್ಮನವರು ಕಿಟಕಿಯ ಪಕ್ಕ ಮಂಚದ ಮೇಲೆ, ಎದೆಗೆ ದಿಂಬು ಅವುಚಿಕೊಂಡು ಒರಗಿದ್ದರು. ಕೆಮ್ಮು ಬಂದರೆ ಹೊಲಿಗೆ ಎಳೆಯುತ್ತದೆಂದು ಹಾಗೆ ಹಿಡಿದಿರಬೇಕಂತೆ. ಬಳಿಯಲ್ಲಿದ್ದ ಫೋನಿನಲ್ಲಿ ವಚನ ಸಣ್ಣಗೆ ಹಾಡುತ್ತಿತ್ತು. ವೈಫೈ ನೋಡಬೇಕಿತ್ತು, ಫೋನು ಸ್ವಲ್ಪ ಕೊಡಿ ಎಂದೆ.

"ವೈಫೈಗೇನಾಗೈತೆ? ಇವತ್ತಿನಷ್ಟು ಚೆನ್ನಾಗಿ ಯಾವತ್ತೂ ಬಂದಿರ್‍ಲಿಲ್ಲ" ಎಂದು ನಕ್ಕರು. ಆಮೇಲೆ ದನಿ ತಗ್ಗಿಸಿದರು. "ನನ್ನ ಹೆಂಡ್ತಿ ಫೋನಿಗೆ ಬರ್ತಿಲ್ಲ. ಪಕ್ಕದ ಮನೆಯೋರ್‍ಗೂ ಬರ್ತಿಲ್ಲ. ಹಮಾಲಿಗಳು ಬೆಳಿಗ್ಗೆಯಿಂದ ಬೈಕೊಂಡು ತಿರುಗ್ತಾವ್ರೆ. ನನಗೊಬ್ಬನಿಗೇ ಬರ್ತೈತೆ. ಮಲಗಿದೋನ್ಗೆ ಹೊತ್ತು ಹೋಗ್ಬೇಕಲ್ಲ ಅಂತ ಅಣ್ಣ ಮಾಡ್ಸವ್ನೆ. ನೀನೇ ತಾನೆ ಮಾಡಿದ್ದು?"

ಏನೋ ಅಂದೆ. ಹೂಂ ಎಂದಿರಬೇಕು...

"ಆಸ್ಪತ್ರೆಗೂ ಬರ್‍ಲಿಲ್ಲ ಕಣಪ್ಪ. ನಂಗೆ ಅದೇ ಕೊರಗಾಗಿತ್ತು. ಬಾಯಲ್ಲಿ ಕೇಳಕ್ಕಾಗ್ದೆ ಹಿಂಗೆ ಮಾಡವ್ನೆ ನೋಡು." ಕಣ್ಣು ಒರೆಸಿಕೊಂಡು ಫೋನನ್ನು ನನ್ನ ಕೈಗಿಟ್ಟರು.

ಪುಟ ಒಂದೇ ಸಲಕ್ಕೆ ತೆರೆಯಿತು. ಅವರ ಫೋನಿನ ಮುಂದೆ ಹಸಿರು ಹೊತ್ತಿತ್ತು. ಅದನ್ನೊಂದು ಮುಟ್ಟಿದರೆ ಲಾರಿ, ತಕ್ಕಡಿ, ಕ್ಯಾಮೆರಾ ಎಲ್ಲ ವಾಪಸ್ಸು ಬರುತ್ತಿತ್ತು. ಕೆಳಗಿನ ಕೆಂಪನ್ನು ಒತ್ತಿದ್ದರೆ ಸಾಹುಕಾರ್‍ರು ಕೇಳಿದ್ದೂ ಆಗಿಹೋಗುತ್ತಿತ್ತು. ನಾನು ಎಂಥ ಆತುರದವನೆಂದು ನನಗೇ ಗೊತ್ತು, ಕೈಗೆ ಸಿಕ್ಕ ಕೆಲಸವನ್ನು ಅರ್ಧಕ್ಕೆ ಬಿಟ್ಟು ಎದ್ದವನಲ್ಲ. ಅವತ್ತು ಎದ್ದುಬಿಟ್ಟೆ. ಎಲ್ಲ ಸರಿಯಾಗಿದೆ ಎಂದು ಫೋನು ವಾಪಸ್ಸು ಕೊಟ್ಟೆ.

ಮಂಡಿಗೆ ಬಂದು ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಸಾಹುಕಾರ್‍ರು ಗಾದಿಯ ಅಂಚಿನಲ್ಲಿ ಕೂತು ಕೇಳಿದರು. ಆ ಕಾಲು ಅಲ್ಲಾಡುತ್ತಿರಲಿಲ್ಲ.

"ತೆಗೆದುಬುಟ್ಯಾ ಮತ್ತೆ?"

"ಇಲ್ಲ" ಎಂದೆ. ಬೋಣಿ ಇನ್ನೂ ಆಗಿರಲಿಲ್ಲ, ಅಂದಮೇಲೆ ಬೈಗುಳ ಬೀಳಬೇಕಿತ್ತು. ಬೀಳಲಿಲ್ಲ.

"ಹಂಗೇ ಇರ್‍ಲಿ ಬುಡು" ಎಂದರು.

"ಮತ್ತೆ ಕ್ಯಾಮೆರಾ? ನಿಮ್ಮ ಮಂಗ?"

"ಮಂಗನ್ನ ನಾನೇ ಹೋಗಿ ಕಾಯ್ತೀನಿ."

ನಿಜವಾಗಿಯೂ ಹೋದರು. ಹಿಂಬಾಗಿಲು ತೆಗೆದು, ಅಂಗಳಕ್ಕಿಳಿದು, ಬಿಸಿಲಿನಲ್ಲಿ ಬಿದ್ದಿದ್ದ ಖಾಲಿ ಚೀಲಗಳ ಪಿಂಡಿಯ ಮೇಲೆ ಕೂತರು. ನಾನು ಬಾಗಿಲ ಸಂದಿಯಲ್ಲಿ ನಿಂತಿದ್ದೆ. ತಮ್ಮನ ನಡಿಗೆಯ ಹೊತ್ತು ಮೀರಿತ್ತು. ಬಾಗಿಲು ತೆರೆಯಲಿಲ್ಲ. ಸಾಹುಕಾರ್‍ರು ಎದ್ದರು, ಎರಡು ಹೆಜ್ಜೆ ಇಟ್ಟರು, ಮತ್ತೆ ಬಂದು ಕೂತರು. ಇನ್ನೇನು ಒಳಗೆ ಬಂದುಬಿಡುತ್ತಾರೆ ಅಂದುಕೊಳ್ಳುವಾಗ ಬಾಗಿಲು ಸದ್ದಾಯಿತು. ತಮ್ಮ ಗೋಡೆ ಹಿಡಿದುಕೊಂಡು ಹೊರಗೆ ಬಂದವರು, ಅಣ್ಣನನ್ನು ನೋಡಿ ಅಲ್ಲೇ ನಿಂತರು.

"ಏನಣ್ಣ, ಬಿಸಿಲಲ್ಲಿ ಕೂತಿದೀಯ?"

"ಮಂಗ ಬರ್ತವೆ ಕಣೋ."

"ಎಲ್ಲಿ, ಒಂದೂ ಕಾಣಲ್ವಲ್ಲ?"

"ಬರ್ತವೆ."

ತಮ್ಮ ಒಂದು ಕೈಯಲ್ಲಿ ಎದೆಯ ದಿಂಬು ಹಿಡಿದು, ನಿಧಾನಕ್ಕೆ ಬಂದು, ಪಿಂಡಿಯ ಇನ್ನೊಂದು ತುದಿಯಲ್ಲಿ ಕೂತರು. ಸಾಹುಕಾರ್‍ರು ಸ್ವಲ್ಪ ಸರಿದು ಜಾಗ ಬಿಟ್ಟರು. ಆಮೇಲೆ ಏನು ಮಾತಾಡಿಕೊಂಡರೋ ನನಗೆ ಕೇಳಲಿಲ್ಲ. ಮಾತಾಡಿದರೋ ಇಲ್ಲವೋ... ನಾನು ಏಣಿ ಕಟ್ಟಿಕೊಂಡು ಹೊರಟುಬಿಟ್ಟೆ. ತುಮಕೂರಿಗೆ ಬರುವ ತನಕ ಕಾರಣವಿಲ್ಲದೆ ಹಾರನ್ ಹೊಡೆಯುತ್ತಾ ಬಂದೆ.

ಆ ವಾರವೇ ಸಾಹುಕಾರ್‍ರು ಮಂಡಿಗೆ ಬೇರೆ ಲೈನು ಎಳೆಸಿಕೊಂಡರು. ಮುಂದಿನ ಗೋಡೆಗೆ ಹೊಸ ಡಬ್ಬಿ ಹಾಕಿ, ಕ್ಯಾಮೆರಾ, ತಕ್ಕಡಿ ಎಲ್ಲವನ್ನೂ ಅದಕ್ಕೆ ಸೇರಿಸಿಕೊಟ್ಟೆ. ಹಳೆಯದನ್ನು ಬಿಚ್ಚಲೇ ಎಂದು ಕೇಳಿದಾಗ ಗದರಿದರು. "ಅದ್ನ ಮುಟ್ಬೇಡ. ಅದು ಅವನ್ಗೇ ಇರ್‍ಲಿ." ಹಿಂದಿನ ಕ್ಯಾಮೆರಾವನ್ನು ಮತ್ತೆ ಮೂಟೆಗಳ ಕಡೆ ತಿರುಗಿಸು ಅಂದರು. ಮಂಗ ಬರೋದು ನಿಂತಿತೇ ಎಂದು ಕೆಣಕಿದೆ. "ಕೆಲ್ಸ ನೋಡ್ಲಾ ಕುಣಿಗಲ್ಲು" ಎಂದು ಬೈದರು. ಕಣ್ಣಲ್ಲಿ ನಗುವಿತ್ತು. ಪಾಲು ಪಾಲಾಗಿಯೇ ಉಳಿಯಿತು, ಆದರೆ ಬೆಳಿಗ್ಗೆ ಆ ಪಿಂಡಿಯ ಮೇಲೆ ಇಬ್ಬರೂ ಕೂರುವುದು ರೂಢಿಯಾಯಿತು. ಆಮೇಲೆ ನಾನು ಹೋದಾಗಲೆಲ್ಲ ನೋಡಿದ್ದೇನೆ.

ಎದೆ ಕೊಯ್ಯಿಸಿಕೊಂಡ ತಮ್ಮ ಉಳಿದರು. ಗಟ್ಟಿಮುಟ್ಟಾಗಿದ್ದ ಅಣ್ಣ ಒಂದು ಬೆಳಿಗ್ಗೆ ಪೂಜೆಗೆ ಕೂತವರು ಏಳಲಿಲ್ಲ. ಸುದ್ದಿ ತಿಳಿದು ನಾನು ಗುಬ್ಬಿ ತಲುಪುವಷ್ಟರಲ್ಲಿ ಸಮಾಧಿಯೂ ಆಗಿಹೋಗಿತ್ತು. ಕೊನೆಯ ಸಲ 'ಏನ್ಲಾ' ಎಂದು ಕರೆಸಿಕೊಳ್ಳದ ಸಂಕಟ ನನಗೆ ಇವತ್ತಿಗೂ ಇದೆ.

ಇಷ್ಟೆಲ್ಲ ನೆನೆಯುತ್ತಾ ಡಬ್ಬಿಯ ದೂಳು ಒರೆಸಿ ಮುಗಿಸಿದ್ದೆ. ವಿಭೂತಿಯ ಜಾಗಕ್ಕೆ ಬಟ್ಟೆ ತಾಗಿಸಲಿಲ್ಲ. ತಮ್ಮನವರು ಡಾಕ್ಟರ ಚೀಟಿ ಹಿಡಿದು ವಾಪಸ್ಸು ಬಂದರು, ಸ್ಟೂಲಿನ ಮೇಲೆ ಕೂತು ನೀರು ಕುಡಿದರು. ಹೇಳಬೇಕೆಂದು ಬಾಯಿ ತೆರೆದೆ.

"ಒಂದು ಇಸ್ಯ ಗೊತ್ತಾ ನಿಂಗೆ?" ಎಂದು ಅವರೇ ಶುರುಮಾಡಿದರು. "ಅವನು ಕ್ಯಾಮೆರಾನ ನನ್ನ ಬಾಗಿಲಿಗೆ ತಿರುಗಿಸ್ಕೊಂಡಿದ್ದ. ನನ್ನ ಫೋನಲ್ಲಿ ಕಾಣ್ತಿತ್ತು. ನೋಡ್ತಾವ್ನೆ ಅಂತ ಗೊತ್ತಾಗೇ ನಾನು ದಿನಾ ಹೊರಗೆ ಬಂದು ನಡೀತಿದ್ದೆ ಕಣಪ್ಪ. ಇಲ್ಲಾಂದ್ರೆ ಆ ನೋವಲ್ಲಿ ಯಾರು ಏಳ್ತಿದ್ರು? ಅವನಿಗೆ ಒಂದು ದಿನವೂ ಹೇಳ್ಲಿಲ್ಲ. ಹೇಳಿದ್ರೆ ನಾಚ್ಕೊಂಡು ತಿರುಗಿಸ್ಬುಡ್ತಿದ್ದ."

ನಾನು ಬಾಯಿ ಮುಚ್ಚಿಕೊಂಡೆ. ಬೆಳಗಿನಿಂದ ಕಾಡುತ್ತಿದ್ದ ಚಡಪಡಿಕೆ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಅವರ ಫೋನು ಕೇಳಿ ತೆಗೆದುಕೊಂಡೆ. ಗಾಜು ಬಿರುಕು ಬಿಟ್ಟ ಅದೇ ಹಳೆಯ ಫೋನು. ಡಬ್ಬಿಗೆ ಕರೆಂಟು ಕೊಟ್ಟು, ಅಂಗಡಿಯ ಲೈನಿಗೆ ಸಿಕ್ಕಿಸಿ, ಲ್ಯಾಪ್‌ಟಾಪಿನಲ್ಲಿ ಪುಟ ತೆರೆದು ಅವರ ಫೋನಿನ ಹೆಸರನ್ನು ಮುಟ್ಟಿದೆ. ಎರಡು ಗುಂಡಿಗಳು ಬಂದವು. ಸಾಹುಕಾರ್‍ರು ಅವತ್ತು ತಪ್ಪಿ ಒತ್ತಿದ್ದನ್ನು ನಾನು ಬೇಕೆಂದೇ ಒತ್ತಿದೆ. ನನ್ನ ಲ್ಯಾಪ್‌ಟಾಪು ಆ ಕ್ಷಣವೇ ಹೊರಗೆ ಬಿತ್ತು.

ಫೋನು ವಾಪಸ್ಸು ಕೊಟ್ಟೆ, ಅವರ ಕೈಯಲ್ಲಿ ವಚನ ಹಾಡತೊಡಗಿತು. ಡಬ್ಬಿ ಬಿಸಿಯಾದ ಹಾಗೆ ಕೊಬ್ಬರಿಯ ವಾಸನೆಯೂ ಅಂಗಡಿಯ ತುಂಬ ಏಳುತ್ತಿತ್ತು. ಅವರು ನನ್ನ ಪರದೆಯ ಕಡೆ ಬಗ್ಗಿ ನೋಡಿ, "ನಿಂಗೂ ಬರ್ತಿಲ್ಲ ತಾನೆ?" ಎಂದು ಕೇಳಿದರು.

ನನ್ನ ಅಂಗಡಿಯಲ್ಲಿ ಇವತ್ತು ಇನ್ನೂ ಬೋಣಿ ಆಗಿರಲಿಲ್ಲ.

"ನಿಮಗೊಬ್ಬರಿಗೇ" ಎಂದೆ.